ಒದರುವ ಪ್ಲೇಯರ್

ಬೆಳಗಿನ ಪೂಜೆಗೆ ವಚನದ ಸಿಡಿ ಹಚ್ಚುವುದು ನಮ್ಮ ಮನೆಯ ಪದ್ಧತಿ. ಹಳೆಯ ಪ್ಲೇಯರಿಗೆ ಹೊಸ ಆಂಪ್ಲಿಫೈಯರ್ ಜೋಡಿಸಿದ ದಿನ ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ತಿರುವಿದೆ, ಅಷ್ಟೇ. ವಚನ ಹಾಡುವುದನ್ನು ಬಿಟ್ಟು ಒದರಿತು. ಪೂಜೆಗೆ ಕುಳಿತಿದ್ದ ನನ್ನ ಹೆಂಡತಿ ಬೆಚ್ಚಿಬಿದ್ದಳು. ಅಂಗೈಯಲ್ಲಿದ್ದ ಇಷ್ಟಲಿಂಗ ಜಾರುವುದೊಂದೇ ಬಾಕಿ.

“ನಾಳೆ ಹಿಂಗ ಒದರಿದ್ರ ಇದನ್ನ ಅಟ್ಟಕ್ಕ ಹಾಕ್ತೇನಿ ನೋಡ್ರಿ,” ಎಂದಳು.

ಪ್ಲೇಯರು, ಆಂಪ್ಲಿಫೈಯರು ಎರಡನ್ನೂ ಚೀಲದಲ್ಲಿ ಹಾಕಿಕೊಂಡು ತಾಳಿಕೋಟೆಯ ಬಸ್ಸು ಹತ್ತಿದೆ. ರೇಡಿಯೋ ರಿಪೇರಿಯ ಖಾದರಸಾಬರ ಮುಂದಿಟ್ಟು, ಹೊಸ ಆಂಪ್ಲಿಫೈಯರೇ ಕೆಟ್ಟದ್ದೆಂದು ವಾದ ಹೂಡಿದೆ.

“ಯಾವುದೂ ಕೆಟ್ಟಿಲ್ರಿ ಯಜಮಾನ್ರ. ಪ್ಲೇಯರ್ ದೊಡ್ಡ ದನೀಲೆ ಕೊಡತೈತಿ, ಈ ಆಂಪ್ಲಿಫೈಯರಿಗ ಸಣ್ಣ ದನಿ ಸಾಕು.”

“ಹಂಗಾದ್ರ ಗುಂಡಿ ಯಾಕ ಐತಿ?” ನಾನು ಜೋರು ಮಾಡಿದೆ.

“ಗುಂಡಿ ಬಾಗಲಿದ್ದಂಗ. ಬಂದವರು ಹೊಸ್ತಿಲದಾಗ ನಿಂತು ಒದರಿದ್ರ, ಬಾಗಲಾ ಎಳ್ಳಷ್ಟು ತಗದ್ರೂ ಒಳಗ ಕೇಳತೈತಿ. ಈಗ ನೀವು ಮಾತಾಡಿದಂಗ.”

ಅವರು ವೈರಿನ ನಡುವೆ, ದನಿ ತಗ್ಗಿಸಲೆಂದು, ಜೋಳದ ಕಾಳಿನಷ್ಟು ಸಣ್ಣ ರೆಸಿಸ್ಟರುಗಳನ್ನು ಬೆಸೆದು ಕೊಟ್ಟರು. “ಇನ್ನೊಂದು ಜೋಡಿ ಉಳದೈತಿ, ಬೇಕೇನ್ರಿ?” ಎಂದು ನಕ್ಕರು. ಯಾತಕ್ಕೆಂದು ನಾನು ಕೇಳಲಿಲ್ಲ.

ಮರುದಿನ ಗುಂಡಿಯನ್ನು ಅರ್ಧ ಸುತ್ತು ತಿರುವಿದರೂ ವಚನ ಮೆತ್ತಗೆ ಬಂತು. ಹೆಂಡತಿ ಕಣ್ಣು ಮುಚ್ಚಿಕೊಂಡು ನಿಶ್ಚಿಂತೆಯಿಂದ ಪೂಜೆ ಮುಗಿಸಿದಳು. ಹಿಗ್ಗು ತಡೆಯದೆ ನಾನು, ಓಣಿಗೆಲ್ಲ ಕೇಳುವಂತೆ, “ಹೆಂಗೈತಿ?” ಎಂದೆ.

“ಛಲೋ ಆತ್ರಿ. ಹಂಗ ನಿಮ್ಮ ಬಾಯಿಗೂ ಒಂದು ಹಾಕಿಸಿಕೊಂಡು ಬರಬೇಕಿತ್ತು.”

ಉಳಿದ ಜೋಡಿಯ ಸುದ್ದಿಯನ್ನು ನಾನು ಅವಳಿಗೆ ಇದುವರೆಗೂ ಹೇಳಿಲ್ಲ.