ಆರ್ಡರ್ ಆಮ್ಯಾಗ ಬರತೈತಿ

ಫೋನ್ ಮಾಡಿದವನು ನಾನೇ. ಇದನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಏಕೆಂದರೆ ಹೇಳಬೇಕಾಗಿದ್ದ ದಿನ ಹೇಳದೆ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಒಂದು ಭಾನುವಾರ ಮಧ್ಯಾಹ್ನ, ಬ್ಯಾಡಗಿಯಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ, ಇಬ್ಬರು ಗೆಳೆಯರನ್ನು ನಗಿಸುವ ಸಲುವಾಗಿ, ತಾಲೂಕಿನ ಶಿಕ್ಷಣಾಧಿಕಾರಿಗಳ ದನಿ ತೆಗೆದು ನಮ್ಮ ಶಾಲೆಯ ಮುಖ್ಯ ಶಿಕ್ಷಕಿಗೆ ಫೋನ್ ಮಾಡಿದೆ. ನಾಳೆಯಿಂದ ಬೇರೊಂದು ಊರಿನ ಶಾಲೆಗೆ ಹೋಗಿರಿ ಎಂದೆ. ಅವರು ಹೋದರು.

ನಾನು ಅತಿಥಿ ಶಿಕ್ಷಕ. ಅತಿಥಿ ಎಂದರೆ ಕರೆದು ಉಪಚಾರ ಮಾಡುವ ಪೈಕಿ ಅಲ್ಲ. ಜೂನಿನಲ್ಲಿ ಬಂದು, ವರ್ಷ ಮುಗಿಯುತ್ತಿದ್ದಂತೆ ತಾನಾಗಿಯೇ ಎದ್ದು ಹೋಗಬೇಕಾದವನು. ಟಿಇಟಿ ಪರೀಕ್ಷೆಯನ್ನು ಎರಡು ಸಲ ಬರೆದಿದ್ದೇನೆ, ಎರಡೂ ಸಲ ಅದು ನನ್ನನ್ನು ಅಣಕಿಸಿ ಕಳಿಸಿದೆ. ನನ್ನ ಹತ್ತಿರ ಇರುವ ವಿದ್ಯೆ ಒಂದೇ. ಯಾರ ಮಾತನ್ನಾದರೂ ಎರಡು ದಿನ ಕೇಳಿದರೆ ಮೂರನೆಯ ದಿನ ಅವರ ದನಿ ನನ್ನ ಗಂಟಲಿಗೆ ಬಾಡಿಗೆಗೆ ಬಂದಿರುತ್ತದೆ. ಮೆಣಸಿನಕಾಯಿ ಚೀಲ ಹೊರುವ ಹಮಾಲರು, ರಾಣೇಬೆನ್ನೂರು ಬಸ್ಸಿನ ಕಂಡಕ್ಟರು, ನಮ್ಮವ್ವ, ಎಲ್ಲರೂ ಅಲ್ಲಿದ್ದಾರೆ. ನನ್ನ ಸ್ವಂತ ದನಿ ಆಡಿನ ಮರಿಯದು. ಅದಕ್ಕೇ ಇರಬೇಕು, ಮಂದಿಯ ದನಿ ಎರವಲು ತರುವ ಚಟ.

ಶಿಕ್ಷಣಾಧಿಕಾರಿ ಸಾಹೇಬರ ದನಿ ಕಷ್ಟದ್ದೇನಲ್ಲ. ಗೊಗ್ಗರು ಗಂಟಲು, ಮಾತಿಗೆ ಮುಂಚೆ ಎರಡು ಕೆಮ್ಮು. ಸುಗ್ಗಿಯಲ್ಲಿ ಮೆಣಸಿನಕಾಯಿ ಘಾಟು ಏರಿದಾಗ ನಮ್ಮೂರಿನಲ್ಲಿ ಅರ್ಧ ಮಂದಿ ಸಾಹೇಬರೇ.

ನಮ್ಮ ಶಾಲೆ ಯಾವ ತಾಲೂಕಿನದೆಂದು ಕೇಳಬೇಡಿ. ಮುಂದಿನ ಜೂನಿನಲ್ಲೂ ನನಗೆ ಕೆಲಸ ಬೇಕು. ಅಲ್ಲಿನ ಶಾಲೆಗಳು ಹೇಗೆ ನಡೆಯುತ್ತಿದ್ದವು ಎಂದು ಮಾತ್ರ ಹೇಳಬಲ್ಲೆ. ಅಷ್ಟೂ ಶಾಲೆಗಳು ಒಂದು ಗಂಟಲಿನ ಮೇಲೆ ನಡೆಯುತ್ತಿದ್ದವು. ಒಂದು ಶಾಲೆಯಲ್ಲಿ ಶಿಕ್ಷಕರು ಕಡಿಮೆ ಬಿದ್ದರೆ ಇನ್ನೊಂದರಿಂದ ಒಬ್ಬರನ್ನು ಅಲ್ಲಿಗೆ ಕಳಿಸಬೇಕು. ಕಾಗದದಲ್ಲಿ ಅದಕ್ಕೆ ನಿಯೋಜನೆ ಎಂದು ಹೆಸರು, ಬಾಯಲ್ಲಿ ಡೆಪ್ಟೇಶನ್. ಆದೇಶ, ಸಹಿ, ಸೀಲು, ಜಾವಕ ನಂಬರು ಎಲ್ಲ ಬೇಕು. ಅವೆಲ್ಲ ಕೂಡಿ ಒಂದು ಕಾಗದ ಹೊರಬೀಳುವಷ್ಟರಲ್ಲಿ ಮಕ್ಕಳು ಮುಂದಿನ ಕ್ಲಾಸಿಗೆ ಹೋಗಿರುತ್ತಾರೆ. ಆದ್ದರಿಂದ ಸಾಹೇಬರು ಫೋನ್ ಮಾಡುತ್ತಿದ್ದರು. ಆರ್ಡರ್ ಎಂದು ಯಾರಾದರೂ ಬಾಯಿ ತೆರೆದರೆ ಒಂದೇ ಉತ್ತರ: "ಮದ್ಲ ಹೋಗ್ರಿ, ಆರ್ಡರ್ ಆಮ್ಯಾಗ ಬರತೈತಿ." ಫೋನಾದರೂ ಒಂದೇ ನಂಬರಿನಿಂದ ಬರುತ್ತಿರಲಿಲ್ಲ. ಹಾವೇರಿಯ ಮೀಟಿಂಗಿನಲ್ಲಿ ಅವರ ಮೊಬೈಲ್ ಸತ್ತಿರುತ್ತಿತ್ತು. ಪಕ್ಕದವರದೋ ಡ್ರೈವರನದೋ ಕೈಗೆ ಸಿಕ್ಕಿದ್ದರಿಂದ ಮಾಡುತ್ತಿದ್ದರು. ನಂಬರು ಯಾರೂ ನೋಡುತ್ತಿರಲಿಲ್ಲ. ಕೆಮ್ಮು ಕೇಳಿದರೆ ಸಾಕು, ಕೂತಲ್ಲಿಂದ ಎದ್ದು ನಿಂತು ಮಾತಾಡುತ್ತಿದ್ದರು.

ಆಗಷ್ಟೇ ಹೊಸ ಸಿಮ್ ಹಾಕಿಸಿದ್ದೆ, ಅದರ ನಂಬರು ನಮ್ಮ ಮುಖ್ಯ ಶಿಕ್ಷಕಿ ಅಕ್ಕೋರಿಗೆ ಗೊತ್ತಿರಲಿಲ್ಲ. ನಮ್ಮ ಕಡೆ ಹೆಣ್ಣು ಶಿಕ್ಷಕರನ್ನು ಊರೆಲ್ಲ ಅಕ್ಕೋರು ಎನ್ನುತ್ತದೆ. ನಾನೂ ಹಾಗೇ ಎನ್ನುತ್ತೇನೆ. ಸ್ಪೀಕರ್ ಒತ್ತಿ, ಎರಡು ಸಲ ಕೆಮ್ಮಿದೆ.

"ಅಕ್ಕೋರ, ನಾಳಿಯಿಂದ ನೀವು ಹೊಳಿ ದಂಡಿ ಸಾಲಿಗೆ ಹೋಗ್ರಿ. ಅಲ್ಲೆ ಒಬ್ರು ಹೆರಿಗಿ ರಜಾ ಮ್ಯಾಲೆ ಹೋಗ್ಯಾರ."

"ಸರ್, ಇಲ್ಲೆ ಇರೂದ ನಾವು ಇಬ್ಬರ್ರಿ. ಅದರಾಗ ಒಂದು ಅತಿಥಿ. ಅವಂದೂ ಬರೇ ಬಾಯಿ."

ಗೆಳೆಯರು ಬಾಯಿಗೆ ಟವೆಲ್ ಒತ್ತಿಕೊಂಡರು.

"ಮದ್ಲ ಹೋಗ್ರಿ, ಆರ್ಡರ್ ಆಮ್ಯಾಗ ಬರತೈತಿ."

"ಹೂನ್ರಿ ಸರ್."

ನಾನು ನಗಬೇಕು, ಅವರು "ಏ ಹುಚ್ಚಪ್ಪಾ, ನೀನಾ" ಎನ್ನಬೇಕು. ನನ್ನ ಲೆಕ್ಕ ಅಷ್ಟೇ ಇತ್ತು. ಹಿಂದೆ ಕಂಡಕ್ಟರನ ದನಿ ತೆಗೆದಾಗ ನಾಲ್ಕನೆಯ ಮಾತಿಗೇ ಹಿಡಿದಿದ್ದರು. ಈ ಸಲ ನಾನು ನಗುವುದರೊಳಗೆ ಫೋನ್ ಇಟ್ಟರು. ಮತ್ತೆ ಮಾಡಿದರೆ ಎಂಗೇಜ್, ಆಮೇಲೆ ಸ್ವಿಚ್ ಆಫ್. ನಾಳೆ ಹೇಳಿದರಾಯಿತು ಎಂದು ಮಂಡಕ್ಕಿಗೆ ಕೈ ಹಾಕಿದೆ.

ಸೋಮವಾರ ಶಾಲೆಗೆ ಹೋದರೆ ಬಾಗಿಲು ತೆಗೆದಿತ್ತು, ಅಕ್ಕೋರು ಇರಲಿಲ್ಲ. ಬಿಸಿಯೂಟದ ಅಡುಗೆಯ ಕಾಕಿ ಕೀಲಿಕೈ ಮತ್ತು ಹಾಜರಿ ಪುಸ್ತಕವನ್ನು ನನ್ನ ಕೈಗಿಟ್ಟಳು.

"ಅಕ್ಕೋರು ಮುಂಜಾನೆ ಫಸ್ಟ್ ಬಸ್ಸಿಗೆ ಬಂದು ಇವನ್ನ ಕೊಟ್ಟು ಹ್ವಾದ್ರಪಾ. ಡೆಪ್ಟೇಶನ್ ಅಂತ. ಹುಡುಗೂರ್ನ ನೋಡ್ಕೊ ಅಂತ ಹೇಳ ಅಂದ್ರು."

ಅಕ್ಕೋರಿಗೆ ಏಳು ಸಲ ಫೋನ್ ಹಚ್ಚಿದೆ. ಹೊಳೆಯ ಕಡೆ ನೆಟ್‌ವರ್ಕ್ ಇಲ್ಲ. ಐದು ತರಗತಿಯ ಮಕ್ಕಳು ನನ್ನ ಮುಂದೆ ಕೂತು, ಇವತ್ತು ಯಾರ ದನಿ ತೆಗೆಯುತ್ತಾನೋ ಎಂದು ಕಾಯುತ್ತಿದ್ದವು. ಒಂದು ಹುಡುಗಿ, "ಸರ್, ಸಾಹೇಬ್ರಂಗ ಕೆಮ್ಮರಿ" ಎಂದಿತು.

ನಾನು ಕೆಮ್ಮಲಿಲ್ಲ. ಹನ್ನೊಂದರ ಸುಮಾರಿಗೆ ಗೇಟಿನ ಹೊರಗೆ ಜೀಪು ನಿಂತು, ಖರೇ ಕೆಮ್ಮು ಕೇಳಿಸಿತು. ಎರಡು ಸಲ.

ಸಾಹೇಬರು ವರ್ಷಕ್ಕೊಮ್ಮೆ ಬರುವವರು. ಅವತ್ತೇ ಬಂದಿದ್ದರು. ಖಾಲಿ ಕುರ್ಚಿ ನೋಡಿ, "ಅಕ್ಕೋರು ಎಲ್ಲಿ?" ಎಂದರು.

ಹೇಳಲು ಅದೇ ಹೊತ್ತು. ಬೈಯುತ್ತಿದ್ದರು, ನನ್ನನ್ನು ತೆಗೆದುಹಾಕುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಗಂಟಲಿನಲ್ಲಿ ಇಪ್ಪತ್ತು ಮಂದಿ ಇದ್ದರೂ ಒಬ್ಬರೂ ಮುಂದೆ ಬರಲಿಲ್ಲ. ಆಡಿನ ಮರಿ ಮಾತ್ರ ಬಂತು.

"ಗೊತ್ತಿಲ್ರಿ ಸರ್."

ಫೋನು ತಮಾಷೆಗೆ ಮಾಡಿದ್ದು. ಈಗ ಆಡಿದ್ದು ಸುಳ್ಳು. ಸಾಹೇಬರು ಜೇಬಿನಿಂದ ಕೆಂಪು ಪೆನ್ನು ತೆಗೆದು, ಹಾಜರಿ ಪುಸ್ತಕದಲ್ಲಿ ಅಕ್ಕೋರ ಹೆಸರಿನ ಮುಂದೆ ಗೆರೆ ಎಳೆದು, "ಅನಧಿಕೃತ ಗೈರುಹಾಜರಿ" ಎಂದು ಬರೆದರು. ಅವರು ಏನನ್ನಾದರೂ ಬರೆದದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಂಗಳವಾರ ಅಕ್ಕೋರು ಮರಳಿ ಬಂದರು. ಕೈಯಲ್ಲಿ ಸಾಹೇಬರು ಆಫೀಸಿಗೆ ಕರೆಸಿ ಕೊಟ್ಟ ನೋಟಿಸು. ಮೂರು ದಿನದೊಳಗೆ ಸಮಂಜಸ ಉತ್ತರ ಕೊಡದಿದ್ದರೆ ಅಮಾನತಿಗಾಗಿ ಹಾವೇರಿಯ ಜಿಲ್ಲಾ ಕಚೇರಿಗೆ ಬರೆಯಲಾಗುವುದು. ಹೊಳೆ ದಂಡೆಯ ಶಾಲೆಯಲ್ಲಿ ಅವರನ್ನು ಯಾರೂ ಕಾಗದ ಕೇಳಿರಲಿಲ್ಲವಂತೆ. ಅಲ್ಲಿ ಖರೇನೇ ಶಿಕ್ಷಕರ ಕೊರತೆ. ಚಹಾ ಕೊಟ್ಟು ಮೂರನೆಯ ಕ್ಲಾಸಿಗೆ ಕಳಿಸಿದ್ದರಂತೆ.

"ನಾ ಫೋನ್ ಮಾಡೇ ಇಲ್ಲ ಅಂತಾರ ಸಾಹೇಬ್ರು. ನೀವ ಹೇಳಿದ್ರಲ್ರಿ ಅಂದ್ನಿ. ತಲಿ ಕೆರಕೊಂಡ್ರು. ಅವರಿಗೂ ನೆಪ್ಪ ಇಲ್ಲೇನೋ ಅನಸ್ತು. ಆಮ್ಯಾಗ, ಹೇಳಿದ್ರ ಆರ್ಡರ್ ತೋರಸ್ರಿ ಅಂದ್ರು. ಎಲ್ಲಿಂದ ತೋರಸಲಿ ತಮ್ಮಾ?"

ಸಾಹೇಬರಿಗೇ ನೆನಪಿಲ್ಲ. ನನ್ನ ಮನಸ್ಸಿನ ಹೊಲಸನ್ನೂ ಬರೆದುಬಿಡುತ್ತೇನೆ: ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ತಪ್ಪು ಅವರ ನೆನಪಿನ ಮೇಲೆ ಹೋಗಲಿ ಎಂದು ಸುಮ್ಮನಿದ್ದೆ. ಆದರೆ ಅಕ್ಕೋರು ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಹಾಜರಿ ಪುಸ್ತಕದೊಳಗೆ ಒಂದು ಕೆಂಪು ಗೆರೆ ಕಂಡವರಲ್ಲ. ಬೆಳಿಗ್ಗೆ ಸಹಿ ಮಾಡುವಾಗ ಆ ಸಾಲಿನ ಮೇಲೆ ಮರದ ಸ್ಕೇಲು ಇಟ್ಟು, ಅದು ಕಾಣದಂತೆ ಮಾಡಿಕೊಂಡು, ಕೆಳಗೆ ಬರೆಯುತ್ತಿದ್ದರು. ಒಬ್ಬ ಹುಡುಗ ತುಂಟತನಕ್ಕೆ ಸ್ಕೇಲು ಎತ್ತಿದಾಗ ಅವನ ಕೈಮೇಲೆ ಹೊಡೆದರು. ಅವರು ಮಕ್ಕಳ ಮೇಲೆ ಕೈ ಎತ್ತಿದ್ದನ್ನು ಅವತ್ತಿನವರೆಗೆ ನಾನು ನೋಡಿರಲಿಲ್ಲ.

ನನ್ನ ಹೆದರಿಕೆ ಅಲ್ಲಿಂದ ಬೇರೆಯಾಯಿತು. ಮೊದಲು ಸಿಕ್ಕಿಬೀಳುತ್ತೇನೆ ಎಂಬ ಭಯ. ಈಗ ಸಿಕ್ಕಿಬೀಳದಿದ್ದರೆ ಹೇಗೆ ಎಂಬ ಭಯ. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ತಿರುಗಿ ನೋಡುತ್ತಿದ್ದೆ, ಆ ಬಸ್ಸು ಮೆಣಸಿನಕಾಯಿ ಘಾಟಿನ ಬ್ಯಾಡಗಿಗೆ ಹೋಗುವುದೆಂಬುದನ್ನು ಮರೆತು. ಆ ಸಿಮ್ಮನ್ನು ತೆಗೆದು ಪರ್ಸಿನಲ್ಲಿಟ್ಟೆ, ಆಮೇಲೆ ಪರ್ಸನ್ನು ಮುಟ್ಟಲೂ ಹೆದರಿದೆ. ಬುಧವಾರ ರೊಟ್ಟಿ ನೀಡುತ್ತ ನಮ್ಮವ್ವ ನನ್ನ ಹಣೆ ಮುಟ್ಟಿ ನೋಡಿದಳು.

"ಯಾಕಪಾ, ಮೂರ ದಿನಾ ಆತು, ಯಾರಂಗನೂ ಮಾತಾಡವಲ್ಲಿ. ಜ್ವರಾ ಬಂದಾವೇನು?"

ಗುರುವಾರ ಮಕ್ಕಳು ಊಟಕ್ಕೆ ಹೋದಾಗ ಅಕ್ಕೋರು ಉತ್ತರ ಬರೆಯಲು ಕೂತಿದ್ದರು. "ಮಾನ್ಯರ ಮೌಖಿಕ ಆದೇಶದ ಮೇರೆಗೆ" ಎಂದು ಬರೆಯುವುದು, ಹೊಡೆದುಹಾಕುವುದು. ಮೂರು ಹಾಳೆ ಹರಿದಿದ್ದರು. ನಾನು ಎದುರಿಗೆ ನಿಂತು, ನೆಲ ನೋಡುತ್ತ ಎಲ್ಲ ಹೇಳಿದೆ. ಗೊತ್ತಿಲ್ಲ ಎಂದು ಸಾಹೇಬರಿಗೆ ಸುಳ್ಳು ಹೇಳಿದ್ದನ್ನೂ ಹೇಳಿದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ, ಬಂದಿದ್ದರೆ ಚಲೋ ಇತ್ತು.

"ಅವತ್ತ ನಾ ಎದ್ದು ನಿಂತು ಮಾತಾಡಿದ್ನಿ, ಗೊತ್ತೈತಿ?" ಎಂದರು. "ಮನ್ಯಾಗ, ಬಡಸೂದ ಬಿಟ್ಟು. ನಿನ್ನ ಮುಂದ."

ಹರಿದ ಹಾಳೆಗಳನ್ನು ಒಟ್ಟುಮಾಡುತ್ತ, "ನಾಳೆ ಹತ್ತಕ್ಕ ಆಫೀಸಿಗೆ ಬಾ. ಆ ದನಿ ತಗೊಂಡ ಬಾ, ಮನ್ಯಾಗ ಮರತು ಬರಬ್ಯಾಡ."

ಶುಕ್ರವಾರ ಸಾಹೇಬರ ಕೋಣೆಯಲ್ಲಿ ನಾನು ತಪ್ಪೊಪ್ಪಿಕೊಂಡೆ. ಅಕ್ಕೋರು ಹಾಜರಿ ಪುಸ್ತಕ ಎದೆಗೆ ಒತ್ತಿಕೊಂಡು ಪಕ್ಕದಲ್ಲಿ ನಿಂತಿದ್ದರು. ಸಾಹೇಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ನನ್ನ ದನಿ ನೀ ತಗೀತಿ?"

"ಹೂನ್ರಿ ಸರ್."

"ಈ ದನಿಯಾಗ?" ಅಕ್ಕೋರ ಕಡೆ ತಿರುಗಿದರು. "ಏನ್ರೀ, ನೋಟಿಸು ತಪ್ಪಿಸ್ಕೊಳ್ಳಾಕ ಈ ಹುಡುಗನ್ನ ಕಲಿಸಿ ಕರಕೊಂಡ ಬಂದೀರೇನ?"

ಇದು ನಾನು ಯೋಚಿಸಿರದ ಗುಂಡಿ. ಗೈರುಹಾಜರಿಯ ಮೇಲೆ ಸುಳ್ಳು ಸಾಕ್ಷಿಯೂ ಸೇರಿದರೆ ಅವರು ಉಳಿಯುತ್ತಿರಲಿಲ್ಲ.

"ತಗಿ ನೋಡೂಣು," ಎಂದರು ಸಾಹೇಬರು.

ಬಾಯಿ ತೆರೆದೆ. ಗಾಳಿ ಬಂತು. ಜೀವಮಾನದಲ್ಲಿ ಬೇಡದ ಹೊತ್ತಿನಲ್ಲೆಲ್ಲ ಬರುತ್ತಿದ್ದ ದನಿ ಬೇಕಾದ ಹೊತ್ತಿನಲ್ಲಿ ಬರಲಿಲ್ಲ. ಇನ್ನೊಮ್ಮೆ ತೆರೆದೆ, ಆಡಿನ ಮರಿ. ಸಾಹೇಬರು ಕೆಂಪು ಪೆನ್ನಿಗೆ ಕೈ ಹಾಕಿದರು. ಆಗ ಅಕ್ಕೋರು ನನ್ನ ಕಡೆ ನೋಡದೆಯೇ, ಪಾಠ ಮರೆತ ಹುಡುಗನಿಗೆ ಹೇಳುವಂತೆ ಮೆಲ್ಲಗೆ, "ಮದ್ಲ ಕೆಮ್ಮು" ಎಂದರು.

ಕಣ್ಣು ಮುಚ್ಚಿ ಎರಡು ಸಲ ಕೆಮ್ಮಿದೆ. "ಮದ್ಲ ಹೋಗ್ರಿ, ಆರ್ಡರ್ ಆಮ್ಯಾಗ ಬರತೈತಿ."

ಬಾಗಿಲಿನ ಆಚೆ ಕುರ್ಚಿ ಸರಿದ ಸದ್ದಾಯಿತು. ಗುಮಾಸ್ತರು ಬಾಗಿಲಿನಲ್ಲಿ ಅರ್ಧ ತಲೆ ಹಾಕಿ ಸಾಹೇಬರನ್ನು ಕೇಳಿದರು: "ಯಾರ ಹೋಗಬೇಕ್ರಿ ಸರ್, ನಾನಾ?"

ಯಾರೂ ನಗಲಿಲ್ಲ. ಗುಮಾಸ್ತರ ತಲೆ ಬಂದಷ್ಟೇ ಬೇಗ ಹಿಂದೆ ಹೋಯಿತು. ಸಾಹೇಬರು ಬಹಳ ಹೊತ್ತು ನನ್ನನ್ನೇ ನೋಡಿದರು. ತಮ್ಮ ಮನೆಯ ಕನ್ನಡಿಯನ್ನು ಯಾರೋ ಕದ್ದು ಬೀದಿಯಲ್ಲಿ ನಿಲ್ಲಿಸಿದ್ದಾರೆ ಎಂಬಂತೆ. ಆಮೇಲೆ, ನಿನ್ನದು ಆಮೇಲೆ ನೋಡುತ್ತೇನೆ ಎಂದು ಕೈಯಿಂದಲೇ ನನ್ನನ್ನು ಪಕ್ಕಕ್ಕೆ ಸರಿಸಿ, ಅಕ್ಕೋರ ಕಡೆ ಬೆರಳು ಮಾಡಿದರು.

"ಇಂವ ಹುಚ್ಚ, ಬಿಡ್ರಿ. ನಿಮಗರೆ ಬುದ್ಧಿ ಬ್ಯಾಡೇನ್ರಿ? ಇಪ್ಪತ್ತೆರಡ ವರ್ಷ ಸರ್ವಿಸು. ಫೋನಿನ್ಯಾಗ ಯಾರೋ ಹೋಗ್ರಿ ಅಂದ್ರ ಹೊಂಟ ಬಿಡೂದಾ? ಆರ್ಡರ್ ಕೇಳಬೇಕಿತ್ತೋ ಇಲ್ಲೋ?"

ಅಕ್ಕೋರು ಪುಸ್ತಕವನ್ನು ಮೇಜಿನ ಮೇಲಿಟ್ಟು, ಆ ಪುಟ ತೆರೆದು, ಸಾಹೇಬರ ಕಡೆ ತಿರುಗಿಸಿಟ್ಟರು. ಅವರು ಆಗ ಆಡಿದ ಮಾತು ಕೇಳಿ ಸಾಹೇಬರು ಅದೇ ಕೆಂಪು ಪೆನ್ನು ಎತ್ತಿಕೊಂಡರು. ಕೆಂಪು ಗೆರೆಯ ಪಕ್ಕದಲ್ಲಿ "ಅನ್ಯ ಕರ್ತವ್ಯದ ಮೇಲೆ ಹಾಜರು" ಎಂದು ಬರೆದು ಸಹಿ ಮಾಡಿ, ನೋಟಿಸನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದರು. ಅಕ್ಕೋರು ಆಡಿದ್ದು ಇಷ್ಟೇ:

"ಹ್ವಾದ ವರ್ಷ ಆರ್ಡರ್ ಕೇಳಿದ್ನಿರಿ ಸರ್. ಕೇಳಿದ್ದಕ್ಕೂ ನೋಟಿಸ್ ಕೊಟ್ಟಿದ್ರಿ."