ನೀಲಿ ಡ್ರಮ್ಮಿಗೆ ಕುಂಕುಮ

ಇಸ್ತ್ರಿಪೆಟ್ಟಿಗೆ ತಾಗಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಬೇರೆಯವರು ಕಿಟಕಿ ತೆರೆಯುತ್ತಾರೆ. ನಾನು ಉಸಿರೆಳೆದುಕೊಂಡು ನಿಲ್ಲುತ್ತೇನೆ. ಅದು ನನ್ನವ್ವನ ವಾಸನೆ. ಕುಡುಗೋಲಿನ ತುದಿಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ, ಬಕೀಟಿನ ಚೂರು ಕರಗಿಸಿ, ಸೀಳಿದ ನೀಲಿ ಡ್ರಮ್ಮನ್ನು ಬೆಸೆಯುತ್ತಿದ್ದಳು. ಗೋವಾದ ಕೊರ್ಲಿಮ್‌ನ ಕಾರ್ಖಾನೆಗಳ ಹಿಂದೆ, ಬೇರೆಯವರ ಗೇರುತೋಟದ ಅಂಚಿನಲ್ಲಿ ನಾವಿದ್ದೆವು. ಅಪ್ಪ ಕಾರ್ಖಾನೆಯಲ್ಲಿ ದಿನಗೂಲಿ. ಅವ್ವ ತೋಟ ಕಾಯುತ್ತ, ಒಂದು ಎಮ್ಮೆ ಸಾಕಿಕೊಂಡು, ಬದನೆ, ಹೀರೆ ಬೆಳೆಯುತ್ತಿದ್ದಳು. ಕಾರ್ಖಾನೆ ಎಸೆದ ಹಲಗೆಗಳು ಕೊಟ್ಟಿಗೆಯ ಗೋಡೆ, ಅರ್ಧಕ್ಕೆ ಕೊಯ್ದ ಡ್ರಮ್ಮು ಎಮ್ಮೆಯ ಗೋದಲಿ, ಲಾರಿ ಟಯರಿನೊಳಗೆ ಮೆಣಸಿನ ಸಸಿ. ಮಾಡಿಗೆ ಹೊದಿಸಿದ ಹಳೆಯ ಫ್ಲೆಕ್ಸಿನೊಳಗಿಂದ ಯಾರೋ ಮುಖಂಡ ಇಡೀ ಮಳೆಗಾಲ ಎಮ್ಮೆಗೆ ಕೈಮುಗಿದು ನಗುತ್ತಿದ್ದ. ಇದನ್ನು ಬಡತನವೆಂದು ಓದಿ ಮರುಗಬೇಡಿ. ಎಸೆದದ್ದನ್ನು ಹೀಗೆ ಬಾಳಿಸುವುದಕ್ಕೆ ಇಡುವ ಚಂದದ ಹೆಸರುಗಳನ್ನು ನಾನೂ ವಿಶ್ವವಿದ್ಯಾಲಯದಲ್ಲಿ ಕಲಿತೆ. ಅವ್ವನ ಕೈಗೆ ಒಂದೂ ಹೊಂದಲಿಲ್ಲ.

ಒಂದು ವರ್ಷ ದಸರೆಯ ಹೊತ್ತಿಗೆ ತೋಟದ ಮಾಲೀಕರ ಅಳಿಯ ಬಂದ. ಜಾಗ ಕೊಳ್ಳುವವರು ಮರುದಿನ ನೋಡಲು ಬರುತ್ತಾರೆ, ಈ ಗುಜರಿಯೆಲ್ಲ ಹೋಗಬೇಕು, ಬೆಳಿಗ್ಗೆ ಟೆಂಪೋ ಬರುತ್ತದೆ ಎಂದ. ಕೊಟ್ಟಿಗೆ ಹೋದರೆ ಎಮ್ಮೆಯನ್ನೂ ದಲ್ಲಾಳಿಗೆ ಮಾರಬೇಕು.

“ಹೋಗ್ಲಿ ಬಿಡು, ಮಂದಿ ಜಾಗಾ,” ಅಂದ ಅಪ್ಪ.

“ಜಾಗಾ ಮಂದೀದು. ಕೊಟಗಿ ನಂದು,” ಅಂದಳು ಅವ್ವ.

ಮರುದಿನ ಖಂಡೇಪೂಜೆ. ದುಡಿಯುವ ಸಲಕರಣೆಗಳನ್ನು ಪೂಜಿಸಿದ ಮೇಲೆ, ದಶಮಿಗೆ ಬನ್ನಿ ಎಲೆ ಹಂಚುವ ತನಕ ಅಲುಗಿಸಬಾರದೆಂಬುದು ನಮ್ಮ ಕಡೆಯ ಪದ್ಧತಿ. ಅವ್ವ ನಸುಕಿನಲ್ಲೇ ಎದ್ದು ಡ್ರಮ್ಮು, ಹಲಗೆ, ಟಯರು ಎಲ್ಲ ತೊಳೆದು, ವಿಭೂತಿ ಎಳೆದು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದಳು. ಟೆಂಪೋದವನು ವಾಸ್ಕೋದಿಂದ ಬಂದಿದ್ದ. ಮೂಲ ನಮ್ಮ ವಿಜಯಪುರದ ಕಡೆಯವನೇ. ಕೊಟ್ಟಿಗೆಯ ಮುಂದೆ ಬಂದವನು ತಡೆದು ನಿಂತು ಚಪ್ಪಲಿ ಬಿಟ್ಟ.

“ಏನ್ ಅಕ್ಕಾ, ಟಯರಿಗೂ ಕುಂಕುಮಾ?”

“ನಿನ್ನ ಗಾಡಿಗೆ ಹಚ್ಚಂಗಿಲ್ಲೇನು?”

“ಸಂಜಿಕ್ಕ ಹಚ್ತೇನಿ.”

“ಮತ್ತ? ನಿನ್ನ ಗಾಡಿ ದುಡೀತೈತಿ, ಇವೇನು ಕುಂತು ಉಣ್ತಾವೇನು?”

ಅವನು ನಕ್ಕುಬಿಟ್ಟ. ಪೂಜೆಯಾದದ್ದನ್ನು ನಾನು ಎತ್ತುವುದಿಲ್ಲ ಎಂದು ಅಳಿಯನಿಗೆ ಕೊಂಕಣಿಯಲ್ಲಿ ಹೇಳಿ ಖಾಲಿ ಗಾಡಿ ತಿರುಗಿಸಿದ. ಮಧ್ಯಾಹ್ನ ಜಾಗ ಕೊಳ್ಳಲು ಬಂದವರು ಹೂ ಮುಡಿದ ಡ್ರಮ್ಮುಗಳನ್ನು ನೋಡಿ ಹೋದರು, ಮತ್ತೆ ಬರಲಿಲ್ಲ. ಅದಕ್ಕೇ ಬರಲಿಲ್ಲವೋ, ವ್ಯವಹಾರ ಕುದುರಲಿಲ್ಲವೋ, ಗೊತ್ತಿಲ್ಲ. ದಶಮಿಯಂದು ಅವ್ವ ತಾನೇ ಹೋಗಿ ಅಳಿಯನ ಕೈಗೆ ಬನ್ನಿ ಕೊಟ್ಟು ಬಂದಳು. ಎಮ್ಮೆ ಮುಂದಿನ ಮಳೆಗಾಲವನ್ನೂ ಆ ಮುಖಂಡನ ನಗೆಯ ಕೆಳಗೇ ಕಳೆಯಿತು.

ಟಯರಿಗೆ ಕುಂಕುಮ ಇರಲೇ ಇಲ್ಲ, ಅದು ಕತೆ ಹೇಳುವಾಗ ನೀನು ಹಚ್ಚಿದ್ದು ಎನ್ನುತ್ತಾನೆ ನನ್ನಣ್ಣ. ಇರಬಹುದು. ನನ್ನ ನೆನಪನ್ನು ನಾನೂ ಪೂರ್ತಿ ನಂಬುವುದಿಲ್ಲ. ಆದರೆ ಟೆಂಪೋದವನು ಚಪ್ಪಲಿ ಬಿಟ್ಟದ್ದನ್ನು ಅಣ್ಣನೂ ಅಲ್ಲಗಳೆಯುವುದಿಲ್ಲ.

ಆ ನೆಲ ಕೊನೆಗೂ ಮಾರಾಟವಾಯಿತು. ಈಗ ಅಲ್ಲಿ ಎತ್ತರದ ಕಾಂಪೌಂಡು, ಒಳಗೆ ಬಿಳಿ ಮನೆಗಳು. ಅವ್ವನೂ ಇಲ್ಲ. ಅವಳ ಅರ್ಧ ಡ್ರಮ್ಮು ನನ್ನ ಬಾಲ್ಕನಿಯಲ್ಲಿದೆ, ಮೆಂತ್ಯ ಬೆಳೆಯುತ್ತದೆ. ಕಟ್ಟಡದ ಅಂದ ಕೆಡುತ್ತದೆ, ತೆಗೆಯಿರಿ ಎಂದು ಇಲ್ಲಿನ ನಿವಾಸಿಗಳ ಸಂಘದವರು ಹೇಳಿ ಕಳಿಸಿದ್ದಾರೆ. ಈ ವರ್ಷ ಅದು ಮತ್ತೆ ಬಿರುಕು ಬಿಟ್ಟಿತು. ಚಾಕು ಕಾಯಿಸಿ ಬೆಸೆದೆ. ಅವ್ವ ಎಳೆದ ನೇರ ಗೆರೆಯ ಪಕ್ಕದಲ್ಲಿ ನನ್ನ ಸೊಟ್ಟ ಗೆರೆ. ಎರಡಕ್ಕೂ ಕುಂಕುಮ ಹಚ್ಚಿದ್ದೇನೆ. ಎತ್ತುವವರು ಬರಲಿ, ಚಪ್ಪಲಿ ಬಿಟ್ಟು.