ಬಾವಿಗೆ ಬಿದ್ದ ತಮಟೆ

ಕುಂದಾಣದ ಕಡೆಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರ್ ಗೋವಿಂದರಾಜುವಿನ ಗಂಟಲೆಂದರೆ ಗಂಟಲು. "ಒಳಗೆ ಹೋಗ್ರೀ, ಬಾಗಿಲಲ್ಲೇನು ತೋರಣ ಕಟ್ತೀರಾ?" ಎಂದು ಗದರಿದರೆ ಎಂಥವರೂ ಒಳಗೆ ಸರಿಯಬೇಕು. ಯಾರ ಜಗಲಿಯನ್ನು ಅವನ ಅಪ್ಪ ಬದುಕಿಡೀ ಹತ್ತಲಿಲ್ಲವೋ, ಊರಿನ ಆ ದೊಡ್ಡ ಜಮೀನ್ದಾರ ರಾಮಾಂಜಿನಪ್ಪನವರೇ ಒಮ್ಮೆ ಸೀಟಿಲ್ಲದೆ ಕಂಬಿ ಹಿಡಿದು ನಿಂತಿದ್ದರು. ಗೋವಿಂದರಾಜು ಅವರ ಮುಖ ನೋಡಿಕೊಂಡೇ "ಟಿಕೆಟ್ ಯಜಮಾನ್ರೇ" ಅಂದಿದ್ದ. ಅವತ್ತು ಮನೆಗೆ ಬಂದು ಹೆಂಡತಿ ನರಸಮ್ಮನಿಗೆ ಅದನ್ನು ಹೇಳಿದ್ದೇ ಹೇಳಿದ್ದು. ಆ ಖಾಕಿ ಅಂಗಿಯ ಮೇಲೆ ಅವನಿಗೆ ಅಷ್ಟು ಅಭಿಮಾನ.

ಅವನ ಅಪ್ಪ ಬೈರಣ್ಣ ಊರಿಗೆಲ್ಲ ಸಾವಿನ ತಮಟೆ ಬಾರಿಸುತ್ತಿದ್ದವನು. ಊಟ ಹಿತ್ತಲಲ್ಲಿ, ಅದೂ ಎಲ್ಲರದೂ ಆದಮೇಲೆ. ಒಮ್ಮೆ ರಾಮಾಂಜಿನಪ್ಪನವರ ಮನೆಯ ಸಾವಿಗೆ ಬಾರಿಸುತ್ತಿದ್ದಾಗ, ಹೆಂಡತಿಗೆ ಎರಡನೇ ಹೆರಿಗೆ ಕಷ್ಟವಾಗಿದೆ ಎಂದು ಕಾಲೋನಿಯಿಂದ ಕರೆ ಬಂತು. "ಹೆಣ ಎತ್ತೋಗಂಟ ತಮಟೆ ನಿಲ್ಲಂಗಿಲ್ಲ" ಅಂದರು. ಮಣ್ಣು ಮಾಡಿ ಓಡಿ ಬರುವ ಹೊತ್ತಿಗೆ ಅವನ ಮನೆಯಲ್ಲೇ ಇನ್ನೊಂದು ಹೆಣ. ಮಾರನೆಯ ದಿನ ಬೈರಣ್ಣ ತಮಟೆಯನ್ನು ಹಾಳುಬಾವಿಗೆ ಎಸೆದ. ಊರು ಸುಮ್ಮನಿರುತ್ತದೆಯೇ? ಯಾರೂ ಕೂಲಿಗೆ ಕರೆಯಲಿಲ್ಲ, ಅಂಗಡಿಯವನು ಬೆಂಕಿಪೊಟ್ಟಣವನ್ನೂ ಕೊಡಲಿಲ್ಲ. ಕ್ವಾರಿಯಲ್ಲಿ ಜಲ್ಲಿ ಒಡೆದು ಮಗನನ್ನು ಓದಿಸಿದ. ಸಾಯುವಾಗ ಹೇಳಿದ್ದು ಒಂದೇ ಮಾತು: "ಅದು ಮಾತ್ರ ನಮ್ಮ ಹೊಸ್ಲು ದಾಟಂಗಿಲ್ಲ ಕಣ್ಲಾ."

ದಾಟಿತು. ಡಿಗ್ರಿ ಓದುತ್ತಿದ್ದ ಮಗಳು ಹರ್ಷಿತ ಒಂದು ಸಂಜೆ ಕಾಲೇಜಿನಿಂದ ತಮಟೆ ಹೊತ್ತುಕೊಂಡು ನಗುನಗುತ್ತಾ ಬಂದಳು.

"ಅಪ್ಪಾ, ಇದು ಕಲೆ ಕಣಪ್ಪಾ. ನಮ್ ಟೀಮಲ್ಲಿ ಎಲ್ಲಾ ಜಾತಿಯೋರೂ ಇದಾರೆ. ಇದು ಚರ್ಮದ್ದೂ ಅಲ್ಲ, ಫೈಬರ್. ಬೆಂಕೀಲಿ ಕಾಯ್ಸೋದೂ ಬೇಡ."

ಗೋವಿಂದರಾಜು ಕೂಗಾಡಿದ, ಊಟ ಬಿಟ್ಟ. ಆದರೆ ಯಾರೂ ಹೇಳಿಕೊಡದೆಯೇ ಈ ಹುಡುಗಿಯ ಬೆರಳು ಎಳವೆಯಿಂದಲೂ ಊಟದ ತಟ್ಟೆಯ ಮೇಲೆ ಕುಣಿಯುತ್ತಿದ್ದುದನ್ನು ಅವನು ಕಂಡಿದ್ದನಲ್ಲ! ಕೊನೆಗೆ ಕಾಲೇಜಿನ ಕಾರ್ಯಕ್ರಮಕ್ಕೂ ಹೋದ. ವೇದಿಕೆಯ ಮೇಲೆ ಅವಳು ಕತ್ತು ಎಡಕ್ಕೆ ವಾಲಿಸಿ, ಅರೆಗಣ್ಣು ಮುಚ್ಚಿ ಬಾರಿಸತೊಡಗಿದಾಗ ಅವನ ಮೈ ಜುಮ್ಮೆಂದಿತು. ಅದು ಬೈರಣ್ಣನ ಕತ್ತು. ಅವಳು ಹುಟ್ಟುವ ಮೊದಲೇ ಸತ್ತ ತಾತ! ಜನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೋವಿಂದರಾಜು ಅತ್ತುಬಿಟ್ಟ. ಕಾಲ ಬದಲಾಗಿದೆ ಅಂದುಕೊಂಡ. ಪಾಪ, ನಂಬಿದ.

ಆ ವಿಡಿಯೋ ಊರವರ ಮೊಬೈಲುಗಳಿಗೆಲ್ಲ ಹೋಯಿತು. "ಬೈರನ ಮೊಮ್ಮಗಳಂತೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಬಿಡಪ್ಪ" ಎಂದು ಟೀ ಅಂಗಡಿಯಲ್ಲಿ ನಕ್ಕರು. ಆ ಗಾದೆ ಕಟ್ಟಿದವನ ಬಾಯಿಗೆ ಮಣ್ಣು ಹಾಕ.

ಸ್ವಲ್ಪ ದಿನಕ್ಕೆ ರಾಮಾಂಜಿನಪ್ಪನವರು ತೀರಿಕೊಂಡರು. ಅವತ್ತು ಗೋವಿಂದರಾಜುವಿಗೆ ವಾರದ ರಜೆ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮನೆಯ ಮುಂದೆ ನಿಂತಿದ್ದಾಗ ಅವರ ಮೊಮ್ಮಗ ಸುನಿಲ್‌ಕುಮಾರ್ ಬೈಕಿನಲ್ಲಿ ಬಂದ. ಇಳಿಯಲಿಲ್ಲ.

"ಗೋವಿಂದಣ್ಣಾ, ತಾತ ಹೋಗ್ಬಿಟ್ರು. ಹೊಸಕೋಟೆಯಿಂದ ತಮಟೆಯೋರು ಬರೋದು ಲೇಟಾಗುತ್ತಂತೆ. ಅಲ್ಲೀವರ್ಗೂ ನಿಮ್ ಹುಡ್ಗೀನ ಸ್ವಲ್ಪ ಕಳ್ಸಿಕೊಡಿ. ವಿಡಿಯೋ ನೋಡಿದೀನಿ, ಸೂಪರಾಗಿ ಬಾರಿಸ್ತಾಳೆ."

ಹುಡುಗನದು ಕೆಟ್ಟ ಮನಸ್ಸೇನಲ್ಲ. ಅವನಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ, ಸಂಕಟ ಅದೇ.

ಈ ಮಾತಿಗೆ ಉತ್ತರವನ್ನು ಗೋವಿಂದರಾಜು ಎಷ್ಟೋ ವರ್ಷದಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದ. "ಕಳ್ಸಲ್ಲ, ಹೋಗಿ." ಅಷ್ಟೇ ತಾನೇ? ಬಾಗಿಲಲ್ಲಿ ನಿಂತ ಹರ್ಷಿತಳೂ ಅದನ್ನೇ ಕಾಯುತ್ತಿದ್ದಳು. ಆದರೆ ಅವನ ಕಾಲು ತಾನಾಗಿ ಚಪ್ಪಲಿಯಿಂದ ಹೊರಗೆ ಬಂತು. ಹೆಗಲ ಮೇಲಿನ ಟವೆಲ್ ಕಂಕುಳಿಗೆ ಇಳಿಯಿತು. ಬೆನ್ನು ಬಾಗಿತು.

"ಆಯ್ತು ಬುದ್ಧಿ" ಅಂದ.

ಬುದ್ಧಿ! ಒಡೆಯರ ಮುಂದೆ ಅವನ ಅಪ್ಪ ಆಡುತ್ತಿದ್ದ ಮಾತು. ಗೋವಿಂದರಾಜುವಿನ ನಾಲಿಗೆ ಒಮ್ಮೆಯೂ ಆಡಿರದ ಮಾತು. ಸುನಿಲ್‌ಕುಮಾರನೇ ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ "ಹೂಂ, ಬೇಗ ಕಳ್ಸು" ಎಂದು ಬೈಕ್ ತಿರುಗಿಸಿದ.

ಹರ್ಷಿತ ಹೊರಗೆ ಬಂದಳು. ಅಪ್ಪನ ಬರಿಗಾಲನ್ನೇ ನೋಡಿದಳು.

"ಚಪ್ಪಲಿ ಹಾಕ್ಕೊಳಪ್ಪಾ" ಅಂದಳು. "ನಾನು ಹೋಗಲ್ಲ."

"ನೀನು ಬೇಡ ಮಗಳೇ, ನಾನೇ ಹೋಗ್ತೀನಿ" ಎಂದು ಗೋವಿಂದರಾಜು ತಮಟೆ ತೆಗೆದುಕೊಂಡ. ಅವನ ಲೆಕ್ಕಾಚಾರ ಇಷ್ಟು: ತಾನು ಜನ್ಮದಲ್ಲಿ ತಮಟೆ ಮುಟ್ಟಿದವನಲ್ಲ. ಅಡ್ಡಾದಿಡ್ಡಿ ಬಡಿದರೆ ಅವರೇ ಬೈದು ಓಡಿಸುತ್ತಾರೆ, ಮತ್ತೆಂದೂ ಈ ಮನೆ ಬಾಗಿಲಿಗೆ ಬರುವುದಿಲ್ಲ, ಮಗಳು ಉಳಿಯುತ್ತಾಳೆ. ಅಯ್ಯೋ, ನೆಟ್ಟಗೆ ನಿಂತು ಆಗಲ್ಲ ಅನ್ನಬಾರದಿತ್ತೇ? ಬಾಗಿದ ಬೆನ್ನಿಗೆ ಅಷ್ಟೇ ಹೊಳೆಯಿತು.

ಜಗಲಿಯ ಕೆಳಗೆ ನಿಂತು, ಎಡಗೈಗೆ ತೆಳು ಕಡ್ಡಿ, ಬಲಗೈಗೆ ದಪ್ಪ ಕೋಲು ಹಿಡಿದ. ಕೆಟ್ಟದಾಗಿ ಬಾರಿಸಬೇಕೆಂದೇ ಬಡಿದ. ಮೊದಲ ಪೆಟ್ಟು ತಪ್ಪಿತು, ಎರಡನೆಯದೂ ತಪ್ಪಿತು. ಆಮೇಲೆ ಕೈ ಅವನ ಮಾತು ಕೇಳಲಿಲ್ಲ. ಚಿಕ್ಕಂದಿನಲ್ಲಿ ಬೇಲಿಯಾಚೆ ನಿಂತು ಕೇಳಿದ್ದ ಆ ಸಾವಿನ ಬಡಿತ ಒಂದೂ ತಪ್ಪದೆ ಬಂತು. ಕತ್ತು ಎಡಕ್ಕೆ ವಾಲಿತು. ಅಳುತ್ತಿದ್ದ ಹೆಂಗಸರೂ ತಿರುಗಿ ನೋಡಿದರು.

"ಬೈರನ ಮಗ ಅಲ್ವೇನ್ಲಾ, ಎಲ್ಲೋಗ್ತದೆ!" ಎಂದು ಮುದುಕನೊಬ್ಬ ಮೆಚ್ಚಿ ತಲೆದೂಗಿದ. ಹೊಸಕೋಟೆಯವರಿಗೆ ಬರಬೇಡಿ ಎಂದು ಫೋನು ಹೋಯಿತು. ಹೆಣ ಎತ್ತುವವರೆಗೂ ಗೋವಿಂದರಾಜುವಿನ ಕೈ ನಿಲ್ಲಲಿಲ್ಲ.

ಹರ್ಷಿತ ಆಮೇಲೆ ತಮಟೆ ಮುಟ್ಟಲಿಲ್ಲ, ಟೀಮನ್ನೂ ಬಿಟ್ಟಳು. ತಟ್ಟೆಯ ಮೇಲೆ ಅವಳ ಬೆರಳಾಡುವುದೂ ನಿಂತಿದೆ. ನರಸಮ್ಮ ಬೇಕೆಂದೇ ಅವಳನ್ನು ಮಾತಿಗೆಳೆಯುತ್ತಾಳೆ, ಅವಳು ಹೂಂ ಅನ್ನುತ್ತಾಳೆ, ಅಷ್ಟೇ.

ಬೆಳಗಿನ ಬಸ್ಸು ಈಗಲೂ ಹೋಗುತ್ತದೆ. ಆದರೆ ಮೊದಲಿನ ಗದರಿಕೆ ಇಲ್ಲ. ಬಾಗಿಲಲ್ಲಿ ಜೋತುಬಿದ್ದವರು ಹಾಗೇ ಜೋತುಬಿದ್ದಿರುತ್ತಾರೆ. ಜನವಿಲ್ಲದ ಕಡೆ ಗೋವಿಂದರಾಜು ಕಂಬಿ ಹಿಡಿದು ಕಿಟಕಿಯಾಚೆ ನೋಡುತ್ತಾ ನಿಲ್ಲುತ್ತಾನೆ. ಅವನಿಗೇ ತಿಳಿಯದೆ ಬೆರಳು ಕಂಬಿಯ ಮೇಲೆ ಆ ಬಡಿತ ಬಾರಿಸತೊಡಗುತ್ತದೆ. ಯಾರಾದರೂ ತಿರುಗಿ ನೋಡಿದಾಗ ಎಚ್ಚರಾಗಿ, ಕೈಯನ್ನು ಖಾಕಿ ಅಂಗಿಯ ಜೇಬಿನೊಳಗೆ ಹಾಕಿ ಮುಷ್ಟಿ ಬಿಗಿದುಕೊಳ್ಳುತ್ತಾನೆ.